ಮಾತು ಬಲ್ಲ ತಲೆಗೆ ಲೆಕ್ಕ ಬಾರದೇ?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಹದಿಮೂರು ವರ್ಷದ ಮಗಳು ಮೂರು ಭಾಷೆಗಳನ್ನು ಸಲೀಸಾಗಿ ಮಾತನಾಡುತ್ತಾಳೆ, ನಾಲ್ಕನೆಯದನ್ನು ತಾನಾಗಿಯೇ ಕಲಿಯುತ್ತಿದ್ದಾಳೆ. ಗಣಿತದ ಪುಸ್ತಕ ತೆರೆದರೆ ಮಾತ್ರ ಮುಖ ಸಪ್ಪಗಾಗುತ್ತದೆ. ಅವಳ ಅಣ್ಣ ಇದಕ್ಕೆ ತದ್ವಿರುದ್ಧ. "ಭಾಷೆಗೆ ಓಡುವ ತಲೆ ಲೆಕ್ಕಕ್ಕೆ ಓಡುವುದಿಲ್ಲ, ಮಿದುಳಿನ ರಚನೆಯೇ ಹಾಗೆ" ಎಂದು ಮನೆಯ ಹಿರಿಯರು ಹೇಳುತ್ತಾರೆ. ಈ ಎರಡು ಸಾಮರ್ಥ್ಯಗಳಿಗೆ ಮಿದುಳಿನಲ್ಲಿ ನಿಜವಾಗಿ ಸಂಬಂಧವಿದೆಯೇ? ಇದ್ದರೆ, ಒಂದು ಬೆಳೆದಷ್ಟೂ ಇನ್ನೊಂದು ಸೊರಗುವ ಬಗೆಯ ಸಂಬಂಧವೇ ಅದು?
— ತಾಯಿಯೊಬ್ಬರು

ಉತ್ತರ: ತಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ, ಅವನ್ನು ಮೊದಲು ಬಿಡಿಸಿಕೊಳ್ಳಬೇಕು. ಮಾತು ಮತ್ತು ಲೆಕ್ಕ ಮಿದುಳಿನ ಒಂದೇ ಜಾಗದಲ್ಲಿ ನಡೆಯುತ್ತವೆಯೇ ಎಂಬುದು ಒಂದು. ಒಂದರಲ್ಲಿ ಮುಂದಿರುವವರು ಇನ್ನೊಂದರಲ್ಲಿ ಮುಂದಿರುತ್ತಾರೆಯೋ ಹಿಂದೆ ಬೀಳುತ್ತಾರೆಯೋ ಎಂಬುದು ಮತ್ತೊಂದು. ಈ ಎರಡಕ್ಕೂ ಸಂಶೋಧನೆ ಕೊಡುವ ಉತ್ತರಗಳು ಮೇಲ್ನೋಟಕ್ಕೆ ಒಂದಕ್ಕೊಂದು ಬೆನ್ನು ಹಾಕಿ ನಿಂತಂತಿವೆ: ಜಾಗಗಳು ಬಹುಮಟ್ಟಿಗೆ ಬೇರೆ ಬೇರೆ, ಆದರೆ ಸಾಮರ್ಥ್ಯಗಳು ಬಹುಮಟ್ಟಿಗೆ ಜೊತೆಜೊತೆಯಾಗಿಯೇ ಸಾಗುತ್ತವೆ.

ಜಾಗದ ವಿಷಯ ಮೊದಲು. 1861ರಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ, "ಟ್ಯಾನ್" ಎಂಬ ಒಂದೇ ಉಚ್ಚಾರವನ್ನು ಬಿಟ್ಟು ಬೇರೇನನ್ನೂ ಹೇಳಲಾಗದಿದ್ದ ರೋಗಿಯೊಬ್ಬನ ಮಿದುಳನ್ನು ಅವನ ಮರಣಾನಂತರ ಪರೀಕ್ಷಿಸಿ, ಎಡಗಡೆಯ ಮುಂಭಾಗದಲ್ಲಿ ಹಾನಿಯಾಗಿರುವುದನ್ನು ತೋರಿಸಿದರು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ, ಮಾತನ್ನು ಅರ್ಥ ಮಾಡಿಕೊಳ್ಳುವ ಶಕ್ತಿ ಎಡಗಡೆಯಲ್ಲೇ ಇನ್ನಷ್ಟು ಹಿಂದಿನ ಭಾಗವನ್ನು ಅವಲಂಬಿಸಿದೆಯೆಂದು ಗುರುತಿಸಿದರು. ಲೆಕ್ಕದ ಸರದಿ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ನೆತ್ತಿಯ ಹಿಂಭಾಗದಲ್ಲಿ, ಎರಡೂ ಕಡೆ, ಇಂಟ್ರಾಪ್ಯಾರೈಟಲ್ ಸಲ್ಕಸ್ ಎಂಬ ಒಂದು ಸೀಳಿನಂಥ ಮಡಿಕೆಯಿದೆ. ಎಷ್ಟು, ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ಅರಿವಿಗೆ ಅದು ಮುಖ್ಯ ನೆಲೆಯೆಂದು ಈಗ ಒಪ್ಪಲಾಗಿದೆ.

ಎರಡು ನೆಲೆಗಳು ಬೇರೆಯಾಗಿದ್ದರೆ, ಒಂದು ಕೆಟ್ಟಾಗ ಇನ್ನೊಂದು ಉಳಿಯಬೇಕಷ್ಟೇ. 2005ರಲ್ಲಿ ಬ್ರಿಟನ್ನಿನ ರೋಸ್‌ಮರಿ ವಾರ್ಲಿ ಮತ್ತು ಸಂಗಡಿಗರು ಮಿದುಳಿನ ಎಡಭಾಗಕ್ಕೆ ಹಾನಿಯಾಗಿ ವ್ಯಾಕರಣವನ್ನೇ ಕಳೆದುಕೊಂಡಿದ್ದ ಮೂವರನ್ನು ಪರೀಕ್ಷಿಸಿದರು. ಮನುಷ್ಯ ಸಿಂಹವನ್ನು ಕೊಂದನೇ, ಸಿಂಹ ಮನುಷ್ಯನನ್ನು ಕೊಂದಿತೇ ಎಂಬ ಬಗೆಯ ವಾಕ್ಯ ಮುಂದಿಟ್ಟರೆ, ಕೊಂದವರು ಯಾರು, ಸತ್ತವರು ಯಾರು ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ಕನ್ನಡದಲ್ಲಿ 'ಅನ್ನು' ಎಂಬ ಪ್ರತ್ಯಯ ಮಾಡುವ ಈ ಕೆಲಸವನ್ನು ಅವರ ಇಂಗ್ಲಿಷಿನಲ್ಲಿ ಪದಗಳ ಸ್ಥಾನ ಮಾಡುತ್ತದೆ. ಆ ಸ್ಥಾನದ ಅರ್ಥವೇ ಅವರಿಗೆ ಅಳಿಸಿಹೋಗಿತ್ತು. ಅದೇ ಮೂವರ ಮುಂದೆ 59ರಿಂದ 13ನ್ನು, ಆಮೇಲೆ 13ರಿಂದ 59ನ್ನು ಕಳೆಯಿರಿ ಎಂದು ಅಂಕಿಗಳಲ್ಲಿ ಬರೆದಿಟ್ಟಾಗ, ಎರಡೂ ಬೇರೆ ಬೇರೆ ಲೆಕ್ಕಗಳೆಂದು ತಿಳಿದೇ ಮಾಡಿದರು. ಆವರಣ ಚಿಹ್ನೆಗಳಿರುವ ಲೆಕ್ಕಗಳಲ್ಲಿ ಯಾವುದನ್ನು ಮೊದಲು ಬಿಡಿಸಬೇಕೆಂಬುದೂ ಅವರಿಗೆ ಗೊತ್ತಿತ್ತು. ಸ್ಥಾನ ಬದಲಾದರೆ ಅರ್ಥ ಬದಲಾಗುತ್ತದೆ ಎಂಬ ಒಂದೇ ನಿಯಮ ವಾಕ್ಯದಲ್ಲಿ ಸತ್ತು, ಸಮೀಕರಣದಲ್ಲಿ ಬದುಕಿತ್ತು. ಗಣಿತದ ಬರಹವೂ ಒಂದು ಭಾಷೆ, ಆದ್ದರಿಂದ ಭಾಷೆಯ ಯಂತ್ರವೇ ಅದನ್ನೂ ನಡೆಸುತ್ತದೆ ಎಂಬ ವಾದ ಕೇಳಲು ಸೊಗಸಾಗಿದ್ದರೂ, ಈ ಮೂವರನ್ನು ಅದು ದಾಟಲಾರದು ಎಂಬುದು ನನ್ನ ಅಭಿಪ್ರಾಯ.

ಉನ್ನತ ಗಣಿತದಲ್ಲಾದರೂ ಮಾತಿನ ಪಾಲು ಹೆಚ್ಚೇ ಎಂದು ತಾವು ಕೇಳಬಹುದು. 2016ರಲ್ಲಿ ಫ್ರಾನ್ಸಿನ ನರವಿಜ್ಞಾನಿಗಳಾದ ಮೇರಿ ಅಮಾಲ್ರಿಕ್ ಮತ್ತು ಸ್ಟಾನಿಸ್ಲಾಸ್ ದೆಹಾನ್ ಇದನ್ನೇ ಪರೀಕ್ಷಿಸಿದರು. 15 ಮಂದಿ ವೃತ್ತಿಪರ ಗಣಿತಜ್ಞರನ್ನೂ, ಅಷ್ಟೇ ಓದಿದ ಆದರೆ ಗಣಿತದವರಲ್ಲದ 15 ಮಂದಿಯನ್ನೂ ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಬೀಜಗಣಿತ, ರೇಖಾಗಣಿತ ಮುಂತಾದವುಗಳ ಹೇಳಿಕೆಗಳನ್ನು ಕೇಳಿಸಿ, ಸತ್ಯವೋ ಸುಳ್ಳೋ ಅರ್ಥಹೀನವೋ ಹೇಳಲು ಕೇಳಿದರು. ಹೇಳಿಕೆಗಳು ಬಂದದ್ದು ಮಾತಿನ ರೂಪದಲ್ಲಿ, ಕಿವಿಯ ಮೂಲಕ. ಆದರೂ ಗಣಿತಜ್ಞರು ಅವುಗಳ ಬಗ್ಗೆ ಯೋಚಿಸುವಾಗ ಚುರುಕಾದದ್ದು ಭಾಷೆಯ ಪ್ರದೇಶಗಳಲ್ಲ, ಎಲ್ಲರಲ್ಲೂ ಸಾಮಾನ್ಯ ಸಂಖ್ಯೆಗಳಿಗೆ ಸ್ಪಂದಿಸುವ ನೆತ್ತಿಭಾಗದ ಜಾಲ. ಗಣಿತಕ್ಕೆ ಸಂಬಂಧಿಸದ ಸಾಮಾನ್ಯ ಜ್ಞಾನದ ವಾಕ್ಯಗಳನ್ನು ಕೇಳಿಸಿದಾಗ ಮಾತ್ರ ಎರಡೂ ಗುಂಪುಗಳಲ್ಲಿ ಭಾಷೆಗೆ ಹೊಂದಿಕೊಂಡ ಪ್ರದೇಶಗಳು ಎಚ್ಚೆತ್ತವು. ಆಲ್ಬರ್ಟ್ ಐನ್‌ಸ್ಟೈನ್ ಗಣಿತಜ್ಞ ಜಾಕ್ ಅದಮಾರ್ ಅವರಿಗೆ ಬರೆದ ಪತ್ರದಲ್ಲಿ, ತಮ್ಮ ಆಲೋಚನೆಯಲ್ಲಿ ಪದಗಳಿಗೆ ಯಾವ ಪಾತ್ರವೂ ಇದ್ದಂತಿಲ್ಲ ಎಂದು ಹೇಳಿಕೊಂಡಿದ್ದು ಇಲ್ಲಿ ನೆನಪಾಗುತ್ತದೆ. ಒಬ್ಬರ ಆತ್ಮಾವಲೋಕನ ಪುರಾವೆಯಲ್ಲ, ಆದರೆ ಪ್ರಯೋಗ ಅದೇ ಕಡೆಗೆ ಬೆರಳು ತೋರಿಸಿತು.

ಮಾತು ಮತ್ತು ಲೆಕ್ಕದ ನಡುವಿನ ಗೋಡೆ ಎತ್ತರವಾಗಿದ್ದರೂ ಅದರಲ್ಲೊಂದು ಬಾಗಿಲಿದೆ. "ಏಳೆಂಟ್ಲ" ಎಂದ ಕೂಡಲೇ "ಐವತ್ತಾರು" ಎಂಬುದು ತಮ್ಮ ನಾಲಗೆಯ ತುದಿಗೆ ಬರುತ್ತದೆಯೇ ಹೊರತು, ಆ ಕ್ಷಣದಲ್ಲಿ ತಾವು ಏನನ್ನೂ ಗುಣಿಸುವುದಿಲ್ಲ. ಮಗ್ಗಿಯೆಂಬುದು ಲೆಕ್ಕದ ವೇಷ ಹಾಕಿದ ಬಾಯಿಪಾಠ. ದೆಹಾನ್ ಮತ್ತು ಲೊರಾಂ ಕೊಯೆನ್ 1997ರಲ್ಲಿ ಇಬ್ಬರು ರೋಗಿಗಳನ್ನು ವರ್ಣಿಸಿದರು. ಮಿದುಳಿನ ಎಡಗಡೆ ಆಳದಲ್ಲಿ ಹಾನಿಯಾಗಿದ್ದ ಮಹಿಳೆಗೆ ಬಾಯಿಪಾಠವಾಗಿ ಕಲಿತದ್ದೆಲ್ಲ ಕೈಕೊಟ್ಟಿತ್ತು, ಅದರೊಡನೆ ಗುಣಾಕಾರದ ಮಗ್ಗಿಯೂ ಹೋಗಿತ್ತು. ಪರಿಮಾಣದ ಅರಿವು ಮಾತ್ರ ಗಟ್ಟಿಯಾಗಿತ್ತು. ನೆತ್ತಿಭಾಗಕ್ಕೆ ಪೆಟ್ಟು ಬಿದ್ದಿದ್ದ ಇನ್ನೊಬ್ಬ ರೋಗಿಗೆ ಮಗ್ಗಿ ಉಳಿದಿತ್ತು, ಆದರೆ ಸರಳ ಕಳೆಯುವ ಲೆಕ್ಕವೂ, ಎರಡು ಸಂಖ್ಯೆಗಳ ಸರಿಮಧ್ಯದ ಸಂಖ್ಯೆಯನ್ನು ಹೇಳುವುದೂ ಆಗುತ್ತಿರಲಿಲ್ಲ. ಹೀಗೆ 'ಲೆಕ್ಕ' ಎಂದು ನಾವು ಒಂದೇ ಹೆಸರಿನಿಂದ ಕರೆಯುವ ಕೆಲಸದ ಒಂದು ಭಾಗ ಮಾತಿನ ಮನೆಯಲ್ಲಿ ಬಾಡಿಗೆಗಿದೆ, ಉಳಿದದ್ದು ತನ್ನದೇ ಮನೆಯಲ್ಲಿದೆ.

ಇನ್ನು ಸಾಮರ್ಥ್ಯಗಳು ಜೊತೆಗೂಡುತ್ತವೆಯೇ ಎಂಬ ಮಾತು. ಮನೆಯ ಹಿರಿಯರ ಹೇಳಿಕೆ ನಿಜವಾಗಿದ್ದರೆ, ದೊಡ್ಡ ಸಂಖ್ಯೆಯ ಮಕ್ಕಳನ್ನು ಅಳೆದಾಗ ಓದಿನಲ್ಲಿ ಮುಂದಿರುವವರು ಗಣಿತದಲ್ಲಿ ಹಿಂದಿರಬೇಕಿತ್ತು. ಕಂಡುಬರುವುದು ಅದರ ಉಲ್ಟಾ: ಒಟ್ಟಾರೆಯಾಗಿ ಒಂದರಲ್ಲಿ ಮುಂದಿರುವ ಮಕ್ಕಳು ಇನ್ನೊಂದರಲ್ಲಿಯೂ ಮುಂದಿರುತ್ತಾರೆ. ಬ್ರಿಟನ್ನಿನ ಅವಳಿ ಮಕ್ಕಳ ದೊಡ್ಡ ಅಧ್ಯಯನವೊಂದರಲ್ಲಿ ಹನ್ನೆರಡು ವರ್ಷದವರನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಓದುವ ಸಾಮರ್ಥ್ಯದ ಮೇಲೆ ಪ್ರಭಾವ ಬೀರುವ ವಂಶವಾಹಿಗಳಲ್ಲಿ ಸುಮಾರು ಅರ್ಧದಷ್ಟು ಗಣಿತದ ಸಾಮರ್ಥ್ಯದ ಮೇಲೂ ಪ್ರಭಾವ ಬೀರುತ್ತವೆ. ಜಾಗ ಬೇರೆಯಾದರೂ ಹೀಗೇಕೆ ಎಂದರೆ, ಎರಡೂ ಕೆಲಸಗಳು ಒಂದೇ ಕೊಳದ ನೀರು ಕುಡಿಯುತ್ತವೆ: ನಾಲ್ಕಾರು ಸಂಗತಿಗಳನ್ನು ಕ್ಷಣಕಾಲ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಅವುಗಳ ಮೇಲೆ ಕೆಲಸ ಮಾಡುವ ಶಕ್ತಿ, ಗಮನವನ್ನು ಕದಲದಂತೆ ಇಡುವ ಶಕ್ತಿ, ಹೊಸದರಲ್ಲಿ ಕ್ರಮವನ್ನು ಕಂಡುಹಿಡಿಯುವ ಶಕ್ತಿ. ಉದ್ದನೆಯ ವಾಕ್ಯದ ಕರ್ತೃಪದವನ್ನು ಕ್ರಿಯಾಪದ ಬರುವವರೆಗೂ ಮರೆಯದಿರುವುದಕ್ಕೂ, ಕೂಡುವಾಗ ದಶಕವನ್ನು ಕೈಯಲ್ಲಿ ಹಿಡಿದುಕೊಳ್ಳುವುದಕ್ಕೂ ಬೇಕಾದದ್ದು ಇದೇ.

ಹಾಗಿದ್ದರೆ ಮನೆಮನೆಯಲ್ಲೂ "ಇವಳು ಭಾಷೆಯವಳು, ಇವನು ಲೆಕ್ಕದವನು" ಎಂಬ ಮಾತು ಹುಟ್ಟುವುದಾದರೂ ಹೇಗೆ? ಮನಶ್ಶಾಸ್ತ್ರಜ್ಞ ಹರ್ಬರ್ಟ್ ಮಾರ್ಷ್ 1986ರಲ್ಲಿ ಕೊಟ್ಟ ವಿವರಣೆ ನನಗೆ ಬಹಳ ಹಿಡಿಸಿದೆ. ಮಕ್ಕಳ ಅಂಕಗಳು ಎರಡೂ ವಿಷಯಗಳಲ್ಲಿ ಜೊತೆಗೂಡಿ ಏರಿಳಿಯುತ್ತಿದ್ದರೂ, "ನಾನು ಗಣಿತದಲ್ಲಿ ಚುರುಕು" ಮತ್ತು "ನಾನು ಭಾಷೆಯಲ್ಲಿ ಚುರುಕು" ಎಂಬ ಅವರ ನಂಬಿಕೆಗಳಿಗೆ ಪರಸ್ಪರ ಹೆಚ್ಚಿನ ಸಂಬಂಧವೇ ಕಾಣುವುದಿಲ್ಲ. ಏಕೆಂದರೆ ಮಗು ತನ್ನನ್ನು ಸಹಪಾಠಿಗಳೊಡನೆ ಮಾತ್ರವಲ್ಲ, ತನ್ನದೇ ಇನ್ನೊಂದು ವಿಷಯದೊಡನೆಯೂ ಹೋಲಿಸಿಕೊಳ್ಳುತ್ತದೆ. ಭಾಷೆಯಲ್ಲಿ ತೊಂಬತ್ತು, ಗಣಿತದಲ್ಲಿ ಎಪ್ಪತ್ತು ತೆಗೆಯುವ ಹುಡುಗಿ, ಎರಡರಲ್ಲೂ ಅರವತ್ತು ತೆಗೆಯುವವಳಿಗಿಂತ ಗಣಿತದಲ್ಲಿ ಮುಂದಿದ್ದರೂ, ತನ್ನನ್ನು ಗಣಿತದಲ್ಲಿ ದಡ್ಡಿಯೆಂದು ಭಾವಿಸುತ್ತಾಳೆ. ತಮ್ಮ ಮನೆಯಲ್ಲಿ ಅಣ್ಣನೊಡನೆ ಹೋಲಿಕೆಯೂ ಸೇರಿಕೊಂಡಿದೆ. ಆದ್ದರಿಂದ ಅವಳ ಸಪ್ಪೆ ಮುಖವನ್ನಲ್ಲ, ಉತ್ತರ ಪತ್ರಿಕೆಯನ್ನು ನೋಡಿ ನಿರ್ಧರಿಸಿರಿ. ಎರಡು ಸಂಖ್ಯೆಗಳಲ್ಲಿ ಯಾವುದು ದೊಡ್ಡದೆಂದು ಹೇಳಲು ತಡವರಿಸುವುದು, ಈ ವಯಸ್ಸಿನಲ್ಲೂ ಚಿಕ್ಕಪುಟ್ಟ ಕೂಡುವಿಕೆಗೆ ಬೆರಳುಗಳನ್ನೇ ಎಣಿಸುವುದು ಮುಂತಾದ ಲಕ್ಷಣಗಳಿದ್ದರೆ ಮಾತ್ರ ಅದು ಡಿಸ್‌ಕ್ಯಾಲ್ಕ್ಯುಲಿಯಾ ಎಂಬ ಕಲಿಕಾ ತೊಂದರೆಯೇ ಎಂದು ತಜ್ಞರಲ್ಲಿ ಪರೀಕ್ಷಿಸಬೇಕಾಗುತ್ತದೆ. ಅಂಥ ಮಕ್ಕಳಲ್ಲಿ ಓದಿನ ತೊಂದರೆಯಾದ ಡಿಸ್‌ಲೆಕ್ಸಿಯಾ ಕೂಡ ಆಕಸ್ಮಿಕವೆನ್ನಲಾಗದಷ್ಟು ಬಾರಿ ಜೊತೆಗಿರುತ್ತದೆ ಎಂಬುದು ಹಿರಿಯರ ಹೇಳಿಕೆಗೆ ಇನ್ನೊಂದು ಉತ್ತರ.

ಪ್ರಶ್ನೆ: ಎಡ ಮಿದುಳು ತರ್ಕಕ್ಕೆ, ಬಲ ಮಿದುಳು ಕಲೆಗೆ ಎನ್ನುತ್ತಾರಲ್ಲ. ಭಾಷೆ ಯಾವ ಕಡೆಗೆ ಸೇರುತ್ತದೆ?
— ಪದವಿ ವಿದ್ಯಾರ್ಥಿ

ಉತ್ತರ: ಆ ವಿಂಗಡಣೆಯಲ್ಲಿ ಭಾಷೆಗೆ ಜಾಗವೇ ಸಿಗುವುದಿಲ್ಲ, ಕವಿಯನ್ನು ಬಲಕ್ಕೆ ಕಳಿಸಿದರೆ ಅವನ ವ್ಯಾಕರಣ ಎಡದಲ್ಲೇ ಉಳಿಯುತ್ತದೆ. ಬಲಗೈ ಬಳಸುವ ಬಹುಪಾಲು ಜನರಲ್ಲಿ ಮಾತಿನ ಮುಖ್ಯ ಪ್ರದೇಶಗಳು ಎಡಗಡೆ ಇವೆ, ಸಂಖ್ಯೆಯ ಅರಿವಾದರೋ ಎರಡೂ ಕಡೆ ಹರಡಿಕೊಂಡಿದೆ. ಮಿದುಳಿನ ಎರಡು ಭಾಗಗಳನ್ನು ಬೆಸೆಯುವ ನರತಂತುಗಳನ್ನು ಶಸ್ತ್ರಚಿಕಿತ್ಸೆಯಿಂದ ಕತ್ತರಿಸಿದ್ದ ರೋಗಿಗಳ ಮೇಲೆ ರೋಜರ್ ಸ್ಪೆರಿ ನಡೆಸಿದ, 1981ರಲ್ಲಿ ನೊಬೆಲ್ ಪ್ರಶಸ್ತಿ ತಂದ ಸಂಶೋಧನೆಯನ್ನು ಜನಪ್ರಿಯ ಪುಸ್ತಕಗಳು ಎಳೆದಾಡಿ ಮನುಷ್ಯರನ್ನೇ ಎಡದವರು, ಬಲದವರು ಎಂದು ಹಂಚಿಬಿಟ್ಟವು.

ಪ್ರಶ್ನೆ: ಮೂವತ್ತು ವರ್ಷಗಳಿಂದ ಕಚೇರಿಯಲ್ಲೂ ಮನೆಯಲ್ಲೂ ಬೇರೊಂದು ಭಾಷೆಯಲ್ಲೇ ವ್ಯವಹರಿಸುತ್ತಿದ್ದೇನೆ, ಕನಸೂ ಅದರಲ್ಲೇ ಬೀಳುತ್ತದೆ. ಆದರೆ ಕೂಡಿ ಕಳೆಯುವಾಗ ತುಟಿಗಳು ಕನ್ನಡದಲ್ಲೇ ಅಲ್ಲಾಡುತ್ತವೆ. ಏಕೆ?
— ನಿವೃತ್ತರೊಬ್ಬರು

ಉತ್ತರ: ತಾವು ಮಗ್ಗಿ ಕಲಿತ ಭಾಷೆ ಅದು, ಅಷ್ಟೇ. ಮೇಲೆ ಹೇಳಿದ ಬಾಗಿಲು ಇಲ್ಲಿ ಕಣ್ಣಿಗೆ ಕಾಣಿಸುತ್ತದೆ. 1999ರಲ್ಲಿ ದೆಹಾನ್, ಎಲಿಜಬೆತ್ ಸ್ಪೆಲ್ಕಿ ಮತ್ತು ಸಂಗಡಿಗರು ರಷ್ಯನ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರಿಗೆ ಕೆಲವು ಕೂಡುವ ಲೆಕ್ಕಗಳನ್ನು ಒಂದು ಭಾಷೆಯಲ್ಲಿ ಅಭ್ಯಾಸ ಮಾಡಿಸಿ, ಬಳಿಕ ಎರಡರಲ್ಲೂ ಪರೀಕ್ಷಿಸಿದರು. ನಿಖರ ಉತ್ತರ ಬೇಕಾದಾಗ, ಅಭ್ಯಾಸ ಮಾಡದ ಭಾಷೆಯಲ್ಲಿ ಅವರು ನಿಧಾನವಾದರು. "ಸುಮಾರು ಎಷ್ಟು" ಎಂದು ಕೇಳಿದಾಗ ಭಾಷೆ ಬದಲಾದದ್ದರಿಂದ ಯಾವ ನಷ್ಟವೂ ಆಗಲಿಲ್ಲ. ಅಂದಾಜಿಗೆ ಭಾಷೆ ಬೇಡ, ಕರಾರುವಾಕ್ಕಿಗೆ ಬೇಕು.

ಅಮೆಜಾನ್ ಪ್ರದೇಶದ ಮುಂಡುರುಕು ಜನರ ಭಾಷೆಯಲ್ಲಿ ಸಂಖ್ಯಾವಾಚಕಗಳು ಐದರ ಆಚೆಗೆ ಇಲ್ಲ. 2004ರಲ್ಲಿ ಪಿಯೆರ್ ಪಿಕಾ ಮತ್ತು ಸಂಗಡಿಗರು ಅವರಿಗೆ ಎಂಬತ್ತರವರೆಗಿನ ಚುಕ್ಕಿಗಳ ಗುಂಪುಗಳನ್ನು ತೋರಿಸಿ ಯಾವುದು ಹೆಚ್ಚೆಂದು ಕೇಳಿದರೆ, ಅವರ ಅಂದಾಜು ಫ್ರಾನ್ಸಿನವರ ಅಂದಾಜಿಗೆ ಸರಿಸಮನಾಗಿತ್ತು. ಐದಾರರಿಂದ ನಾಲ್ಕನ್ನು ನಿಖರವಾಗಿ ಕಳೆಯುವಂಥ ಕೆಲಸದಲ್ಲಿ ಮಾತ್ರ ಎಡವಿದರು. ನಿಕರಾಗುವಾದಲ್ಲಿ ಯಾವ ಸಂಜ್ಞಾಭಾಷೆಯನ್ನೂ ಕಲಿಯದೆ ತಮ್ಮದೇ ಕೈಸನ್ನೆಗಳಿಂದ ಬದುಕುತ್ತಿದ್ದ ಕಿವುಡ ವಯಸ್ಕರನ್ನು ಕುರಿತ 2011ರ ವರದಿ ಇನ್ನೂ ಮನಮುಟ್ಟುವಂಥದ್ದು: ಅವರು ಹಣದ ವ್ಯವಹಾರ ನಡೆಸುವ ಸಮಾಜದಲ್ಲಿಯೇ ಇದ್ದವರು, ತಾವೂ ದುಡಿದು ಖರ್ಚು ಮಾಡುತ್ತಿದ್ದವರು, ಆದರೂ ಮೂರಕ್ಕಿಂತ ಹೆಚ್ಚು ವಸ್ತುಗಳಿದ್ದಾಗ ಅಷ್ಟೇ ಬೆರಳುಗಳನ್ನು ತಪ್ಪದೆ ಎತ್ತಲು ಅವರಿಂದ ಆಗುತ್ತಿರಲಿಲ್ಲ. ಒಂದು, ಎರಡು, ಮೂರು ಎಂಬ ಪದಗಳ ಸಾಲು ಯಾರೋ ಕೊಟ್ಟರೆ ಬರುವಂಥದ್ದು, ಸುಮ್ಮನೆ ಲೋಕವನ್ನು ನೋಡುವುದರಿಂದ ಬರುವಂಥದ್ದಲ್ಲ.

ಪ್ರಸಂಗವಶಾತ್ ಒಂದು ಮಾತು. ಕನ್ನಡದಲ್ಲಿ ಇಪ್ಪತ್ತೊಂದು ಎಂದರೆ ಇಪ್ಪತ್ತು ಮೊದಲು, ಒಂದು ಆಮೇಲೆ. ಬರೆಯುವ ಕ್ರಮವೂ ಅದೇ. ಜರ್ಮನ್ನರು 21ನ್ನು "ಒಂದು ಮತ್ತು ಇಪ್ಪತ್ತು" ಎನ್ನುತ್ತಾರೆ, ಫ್ರೆಂಚರಿಗೆ 97 ಎಂದರೆ "ನಾಲ್ಕು ಇಪ್ಪತ್ತು ಹದಿನೇಳು". ಹೇಳಿದ ಸಂಖ್ಯೆಯನ್ನು ಅಂಕಿಯಲ್ಲಿ ಬರೆಯುವಾಗ ಜರ್ಮನ್ ಮಕ್ಕಳು ಸ್ಥಾನ ಅದಲುಬದಲು ಮಾಡುವುದು ಸಾಮಾನ್ಯವಾದ ತಪ್ಪು. ನಮಗೆ ಆ ಕಷ್ಟವಿಲ್ಲ.

ಪ್ರಶ್ನೆ: ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಯಲು ಗಣಿತ ಚೆನ್ನಾಗಿರಬೇಕೇ, ಭಾಷೆ ಚೆನ್ನಾಗಿರಬೇಕೇ?
— ಕಲಾ ವಿಭಾಗದ ಪದವೀಧರೆ

ಉತ್ತರ: ಕಲಿಯುವ ವೇಗದ ಮಟ್ಟಿಗೆ ಭಾಷೆ ಮುಂದಿದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಶಾಂಟೆಲ್ ಪ್ರಾಟ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 36 ಮಂದಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿತರು. ಕಲಿತ ವೇಗ, ನಿಖರತೆ ಮುಂತಾದ ಅಳತೆಗಳನ್ನು ಒಟ್ಟಾಗಿ ನೋಡಿದಾಗ, ಒಬ್ಬೊಬ್ಬರ ನಡುವಿನ ವ್ಯತ್ಯಾಸದಲ್ಲಿ ಹೊಸ ಭಾಷೆ ಕಲಿಯುವ ಸಾಮರ್ಥ್ಯ ವಿವರಿಸಿದ ಪಾಲು ಸುಮಾರು ಶೇಕಡಾ 17, ಅಂಕಗಣಿತದ ಕೌಶಲ ವಿವರಿಸಿದ್ದು ಸುಮಾರು ಶೇಕಡಾ 2. ತರ್ಕಶಕ್ತಿ ಮತ್ತು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿಗಳು ಸೇರಿ ಈ ಎರಡು ಪಾಲುಗಳನ್ನೂ ಮೀರಿಸಿದ್ದವು. ಆದರೆ ಪ್ರೋಗ್ರಾಮನ್ನು ಓದಿ ಅರ್ಥ ಮಾಡಿಕೊಳ್ಳುವವರ ಮಿದುಳನ್ನು ಅದೇ ವರ್ಷ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಎಂಆರ್‌ಐಯಲ್ಲಿ ನೋಡಿದಾಗ, ಮುಖ್ಯವಾಗಿ ದುಡಿಯುತ್ತಿದ್ದದ್ದು ಭಾಷೆಯ ಜಾಲವಲ್ಲ, ಯಾವುದೇ ಕಷ್ಟದ ಕೆಲಸಕ್ಕೂ ಓಡಿ ಬರುವ ಸಾಮಾನ್ಯ ಜಾಲ. ಭಾಷೆ ಕಲಿಯುವ ಜಾಣ್ಮೆಯೇ ಬೇರೆ, ಕಲಿತ ಭಾಷೆಯಲ್ಲಿ ಮಾತನಾಡುವ ಯಂತ್ರವೇ ಬೇರೆ ಎಂದು ಇಟ್ಟುಕೊಂಡರೆ ಈ ಎರಡು ಫಲಿತಾಂಶಗಳು ಜಗಳವಾಡುವುದಿಲ್ಲ. ತಾವು ಧೈರ್ಯವಾಗಿ ಸೇರಿಕೊಳ್ಳಬಹುದು.

ಪ್ರಶ್ನೆ: ಎರಡರಲ್ಲೂ ಮೇಧಾವಿಗಳಾಗಿದ್ದವರು ಯಾರಾದರೂ ಇದ್ದಾರೆಯೇ? ಬಹುಭಾಷಾ ಪಂಡಿತರ ಮಿದುಳು ಬೇರೆ ಬಗೆಯದೇ?
— ಗ್ರಂಥಪಾಲಕರು

ಉತ್ತರ: ಧಾರಾಳವಾಗಿ ಇದ್ದಾರೆ. ಗಣಿತದ ಮಹಾಪುರುಷ ಕಾರ್ಲ್ ಫ್ರೆಡ್ರಿಕ್ ಗೌಸ್ ವಿದ್ಯಾರ್ಥಿಯಾಗಿದ್ದಾಗ ಭಾಷಾಶಾಸ್ತ್ರವೋ ಗಣಿತವೋ ಎಂದು ತೂಗುಯ್ಯಾಲೆಯಲ್ಲಿದ್ದರು. 1796ರ ಮಾರ್ಚ್ 30ರಂದು, ಹದಿನೇಳು ಬಾಹುಗಳ ಸಮಬಹುಭುಜವನ್ನು ಅಳತೆಪಟ್ಟಿ ಮತ್ತು ಕೈವಾರದಿಂದ ರಚಿಸಬಹುದೆಂದು ಕಂಡುಕೊಂಡ ಮೇಲೆ ಗಣಿತದ ಕಡೆ ವಾಲಿದರು. ಇಳಿವಯಸ್ಸಿನಲ್ಲಿ ರಷ್ಯನ್ ಭಾಷೆಯನ್ನು ಹೊಸದಾಗಿ ಕಲಿತವರೂ ಅವರೇ.

ನನಗೆ ಅವರಿಗಿಂತಲೂ ಪ್ರಿಯರಾದವರು ಹರ್ಮನ್ ಗ್ರಾಸ್‌ಮನ್. ಶಾಲೆಯೊಂದರಲ್ಲಿ ಉಪಾಧ್ಯಾಯರಾಗಿದ್ದ ಅವರು 1844ರಲ್ಲಿ ಪ್ರಕಟಿಸಿದ ಗಣಿತ ಗ್ರಂಥದಲ್ಲಿ ಇಂದು ಎಲ್ಲ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಓದುವ ರೇಖೀಯ ಬೀಜಗಣಿತದ ಬೀಜಗಳಿದ್ದವು, ಆದರೆ ಆಗ ಅದನ್ನು ಓದುವವರೇ ಇರಲಿಲ್ಲ. ಸಂಸ್ಕೃತದ ಕಡೆ ಹೊರಳಿದ ಅವರು 1870ರ ದಶಕದಲ್ಲಿ ಋಗ್ವೇದಕ್ಕೆ ಪದಕೋಶವನ್ನೇ ಬರೆದರು. ಸಂಸ್ಕೃತದ 'ಭೂ' ಧಾತು ದ್ವಿತ್ವವಾದಾಗ 'ಭಭೂವ' ಆಗದೆ 'ಬಭೂವ' ಆಗುತ್ತದೆ, 'ಧಾ' ಧಾತು 'ಧಧಾಮಿ' ಆಗದೆ 'ದಧಾಮಿ' ಆಗುತ್ತದೆ. ಎರಡು ಮಹಾಪ್ರಾಣಗಳು ಹತ್ತಿರ ಹತ್ತಿರ ಬಂದರೆ ಮೊದಲನೆಯದು ಅಲ್ಪಪ್ರಾಣವಾಗುವ ಈ ನಿಯಮ ಗ್ರೀಕಿನಲ್ಲೂ ಇದೆಯೆಂದು 1863ರಲ್ಲಿ ತೋರಿಸಿದವರು ಅವರು. ಭಾಷಾವಿಜ್ಞಾನಿಗಳು ಇಂದಿಗೂ ಅದನ್ನು ಗ್ರಾಸ್‌ಮನ್ ನಿಯಮವೆಂದೇ ಕರೆಯುತ್ತಾರೆ. ಕ್ರಮವನ್ನು ಹುಡುಕುವ ಕಣ್ಣು ಒಂದೇ, ಅದು ಬಿದ್ದ ವಸ್ತು ಬೇರೆ ಎನ್ನಿಸುವುದು ಇಂಥವರನ್ನು ಕಂಡಾಗ.

ಮಿದುಳಿನ ವಿಷಯಕ್ಕೆ ಬಂದರೆ, 60ಕ್ಕೂ ಹೆಚ್ಚು ಭಾಷೆಗಳನ್ನು ಬಲ್ಲವರೆಂದು ಹೆಸರಾಗಿದ್ದ ಜರ್ಮನ್ ದುಭಾಷಿ ಎಮಿಲ್ ಕ್ರೆಬ್ಸ್ 1930ರಲ್ಲಿ ತೀರಿಕೊಂಡಾಗ ಅವರ ಮಿದುಳನ್ನು ಸಂರಕ್ಷಿಸಿಡಲಾಯಿತು. 2004ರಲ್ಲಿ ಅದನ್ನು ಹನ್ನೊಂದು ಮಂದಿಯ ಮಿದುಳುಗಳೊಡನೆ ಹೋಲಿಸಿದಾಗ, ಮಾತಿಗೆ ಸಂಬಂಧಿಸಿದ, ಬ್ರೋಕಾ ಹೆಸರಿನಿಂದಲೇ ಕರೆಯುವ ಪ್ರದೇಶದ ಜೀವಕೋಶಗಳ ಜೋಡಣೆ ಭಿನ್ನವಾಗಿತ್ತು. ಹುಟ್ಟಿನಿಂದ ಹಾಗಿತ್ತೇ, ಜೀವಮಾನವಿಡೀ ಕಲಿತದ್ದರಿಂದ ಹಾಗಾಯಿತೇ ಎಂಬುದನ್ನು ಸತ್ತ ಒಂದು ಮಿದುಳು ಹೇಳಲಾರದು. ಜೀವಂತ ಬಹುಭಾಷಿಕರಲ್ಲಿ 2021ರಲ್ಲಿ ಕಂಡದ್ದು ನಿರೀಕ್ಷೆಗೆ ವಿರುದ್ಧವಾದದ್ದು: ಮಾತೃಭಾಷೆಯನ್ನು ಕೇಳುವಾಗ ಅವರ ಭಾಷಾಜಾಲ ಇತರರದ್ದಕ್ಕಿಂತ ಕಡಿಮೆ ದುಡಿಯುತ್ತದೆ. ನುರಿತ ಕೈಗೆ ಶ್ರಮ ಕಡಿಮೆ ಎಂಬಂತೆ.

ಪ್ರಶ್ನೆ: ಮಗನಿಗೆ ಅಂಕಿಗಳಲ್ಲಿ ಕೊಟ್ಟ ಲೆಕ್ಕ ಸರಿಯಾಗಿ ಬರುತ್ತದೆ, ವಾಕ್ಯಗಳಲ್ಲಿ ಕೊಟ್ಟ ಲೆಕ್ಕ ತಪ್ಪುತ್ತದೆ. ಇದು ಗಣಿತದ ದೌರ್ಬಲ್ಯವೋ, ಭಾಷೆಯದೋ?
— ತಂದೆಯೊಬ್ಬರು

ಉತ್ತರ: ತಾವು ಹೇಳಿದಂತಿದ್ದರೆ ಭಾಷೆಯದು, ಇನ್ನೂ ಸರಿಯಾಗಿ ಹೇಳಬೇಕೆಂದರೆ ವಾಕ್ಯವನ್ನು ಪೂರ್ತಿ ಓದುವ ಮೊದಲೇ ಅಂಕಿಗಳ ಮೇಲೆ ಎರಗುವ ಅಭ್ಯಾಸದ್ದು. "ಅಕ್ಕನ ಬಳಿ 8 ಪೆನ್ಸಿಲ್‌ಗಳಿವೆ. ಅವು ತಮ್ಮನ ಬಳಿ ಇರುವುದಕ್ಕಿಂತ 3 ಹೆಚ್ಚು. ತಮ್ಮನ ಬಳಿ ಎಷ್ಟಿವೆ?" ಎಂದು ಕೇಳಿ ನೋಡಿರಿ. 'ಹೆಚ್ಚು' ಎಂಬ ಪದ ಕಂಡೊಡನೆ ಕೂಡಿ 11 ಎನ್ನುವ ಮಕ್ಕಳು ಬಹಳ. 'ಗಿಂತ' ಎಂಬ ಪುಟ್ಟ ಪ್ರತ್ಯಯ ಯಾರಿಗೆ ಅಂಟಿಕೊಂಡಿದೆ ಎಂದು ನೋಡುವವರು ಮಾತ್ರ 5 ಎನ್ನುತ್ತಾರೆ. 11 ಎನ್ನುವ ಮಕ್ಕಳು ಕಳೆಯಲು ಬಾರದವರೇನಲ್ಲ. ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ 1980ರ ಸುಮಾರಿಗೆ ಶಿಕ್ಷಣ ಸಂಶೋಧಕರು ಪ್ರಾಥಮಿಕ ಶಾಲೆಯ 97 ಮಕ್ಕಳಿಗೆ, ಹಡಗಿನಲ್ಲಿ 26 ಕುರಿಗಳೂ 10 ಮೇಕೆಗಳೂ ಇದ್ದರೆ ಕ್ಯಾಪ್ಟನ್ನನ ವಯಸ್ಸೆಷ್ಟು ಎಂದು ಕೇಳಿದರು. ಅವರಲ್ಲಿ 76 ಮಕ್ಕಳು ಕೊಟ್ಟ ಅಂಕಿಗಳನ್ನೇ ಬಳಸಿ ವಯಸ್ಸು ಹೇಳಿಬಿಟ್ಟರು. ಮಗನಿಗೆ ಮುಂದಿನ ಲೆಕ್ಕವನ್ನು ಕೊಡುವಾಗ ಅಂಕಿಗಳ ಜಾಗದಲ್ಲಿ 'ಕೆಲವು' ಎಂದು ಬರೆದುಕೊಟ್ಟು, ಏನಾಯಿತೆಂದು ಕಥೆಯಂತೆ ಹೇಳಿಸಿರಿ. ಅಂಕಿಗಳನ್ನು ಆಮೇಲೆ ಕೊಡಿರಿ.